ಮನೆ ಮಾರಿದ ವಕೀಲರು

ತಾಂಬಾ, ಇಂಡಿ, ಸಿಂದಗಿ ಸೀಮೆಯ ಎರಿ ಹೊಲಕ್ಕೆ ಹದವಾಗಿ ಮಳೆ ಬಿದ್ದರೆ ಬಿಳಿಜೋಳ ಆಳೆತ್ತರ ಬೆಳೀತದೆ. ಡೋಣಿ ದಂಡೆಯ ಫಸಲು ಕೈಗೆ ಬಂದರೆ ಓಣಿ ತುಂಬ ಕಾಳು ಅನ್ನೋ ಮಾತು ಹುಟ್ಟಿದ್ದು ಈ ಜಿಲ್ಲೆಯಲ್ಲೇ. ಮಳೆ ಕೈಕೊಟ್ಟರೆ ಮಾತ್ರ ದೇವರೇ ಗತಿ!

1876ರಿಂದ 78ರವರೆಗೆ ಆದದ್ದು ಅದೇ. ಆಗ ಇದು ಕಲಾದಗಿ ಜಿಲ್ಲೆ. ಬರಕ್ಕೆ ಮೊದಲು ಎಂಟು ಲಕ್ಷ ದಾಟಿದ್ದ ಜನಸಂಖ್ಯೆ 1881ರ ಖಾನೇಸುಮಾರಿ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಸತ್ತವರು ಸತ್ತರು, ಉಳಿದವರು ಊರು ಬಿಟ್ಟರು. ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊತ್ತವನಿಗೂ ದಿನಕ್ಕೆ ಒಂದು ಪೌಂಡ್ ಕಾಳಿನ ಲೆಕ್ಕಕ್ಕೆ ಸರಕಾರ ಕೂಲಿ ಇಳಿಸಿತು. ಇತ್ತ ಹಿಂದೂಸ್ತಾನದ ಬಂದರುಗಳಿಂದ ಗೋಧಿ ಹಡಗು ಏರಿ ವಿಲಾಯತಿಗೆ ಹೋಗುವುದು ನಿಲ್ಲಲಿಲ್ಲ. ಕಾಳು ಇತ್ತು, ಕೊಳ್ಳುವ ರೊಕ್ಕ ಬಡವನ ಕೈಯಲ್ಲಿ ಇರಲಿಲ್ಲ.

ಬರ ಮುಗಿದ ಎರಡು ವರ್ಷಕ್ಕೆ, 1880ರ ಜುಲೈ 2ರಂದು, ಧಾರವಾಡದಲ್ಲಿ ಹುಟ್ಟಿದವರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ತಂದೆ ಮಾಸ್ತರರು, ಬರಹಗಾರರು. ಹುಡುಗ ಜಾಣ. ಆದರೆ ಕಾಲೇಜು ಕಲಿಯೋದು ಎಲ್ಲಿ? ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದದ್ದೇ 1917ರಲ್ಲಿ. ಕನ್ನಡ ಜಿಲ್ಲೆಗಳ ಕಂದಾಯ ಮುಂಬಯಿಗೆ ಹೋಗುತ್ತಿತ್ತು, ಓದಬೇಕೆನ್ನುವ ಹುಡುಗನೂ ಅದರ ಹಿಂದೆ ಮುಂಬಯಿಗೇ ಹೋಗಬೇಕಿತ್ತು. ಹಳಕಟ್ಟಿಯವರೂ ಹೋದರು. ಬಿ.ಎ., ಎಲ್‌ಎಲ್.ಬಿ. ಮುಗಿಸಿ 1904ರಲ್ಲಿ ಬಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ಬಂದು ವಕೀಲಿ ಹೂಡಿದರು.

ಬಂದು ಕಂಡದ್ದೇನು? 1884ರಲ್ಲೇ ಗದಗ-ಹೊಟಗಿ ರೈಲು ಬಂದಾಗಿತ್ತು. ಹತ್ತಿ ಅಂಡಿಗೆ ಸರಾಗವಾಗಿ ಮುಂಬಯಿಗೆ ಹೋಗುತ್ತಿತ್ತು. ಆದರೆ ದಕ್ಷಿಣಕ್ಕೆ ಕೃಷ್ಣೆ, ಉತ್ತರಕ್ಕೆ ಭೀಮೆ ತುಂಬಿ ಹರಿದರೂ ಇಂಡಿ, ಸಿಂದಗಿ ಹೊಲಕ್ಕೆ ಹನಿ ನೀರಿಲ್ಲ. ಅದೇ ಮುಂಬಯಿ ಇಲಾಖೆಯ ಪುಣೆ ಕಡೆ ನೀರಾ ನದಿಗೆ ಕಟ್ಟೆ ಬಿತ್ತು, ಕಾಲುವೆ ಹರಿಯಿತು, ಕಬ್ಬು ಬೆಳೆಯಿತು. ಸರಕಾರದ ಕಣ್ಣು ಯಾವ ಕಡೆಗೋ ಸರಕಾರದ ರೊಕ್ಕವೂ ಆ ಕಡೆಗೆ! ಇಲ್ಲಿಯ ಒಕ್ಕಲಿಗ ಕಂದಾಯ ಕಟ್ಟಲು ಸಾವಕಾರನ ಬಾಗಿಲಿಗೆ ಹೋಗಬೇಕು, ಕೊನೆಗೆ ಸಾಲದ ಕಾಗದ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಬೇಕು.

ಹಳಕಟ್ಟಿಯವರು ಜೈಲಿಗೆ ಹೋದ ಮುಖಂಡರಲ್ಲ. ರಾವಬಹಾದ್ದೂರ ಪದವಿ ಕೊಟ್ಟದ್ದೂ ಅದೇ ಬ್ರಿಟಿಷ್ ಸರಕಾರ. ಆದರೆ ಸರಕಾರ ಕೊಡುತ್ತದೆ ಅಂತ ಕೈಕಟ್ಟಿ ಕೂಡಲಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ವಿದ್ಯಾಸಂಸ್ಥೆ ಹುಟ್ಟುಹಾಕಿದರು. 1912ರಲ್ಲಿ ಸಿದ್ಧೇಶ್ವರ ಬ್ಯಾಂಕ್. ಊರಿನ ರೊಕ್ಕ ಊರಲ್ಲೇ ತಿರುಗಲಿ, ಸಣ್ಣ ಅಂಗಡಿಯವನಿಗೂ ನ್ಯಾಯದ ಬಡ್ಡಿಗೆ ಸಾಲ ಸಿಗಲಿ ಅನ್ನೋದು ಲೆಕ್ಕ. ಮುಂದೆ ಹತ್ತಿ ಮಾರಾಟಕ್ಕೊಂದು ಸಂಘ, ನೇಕಾರರಿಗೊಂದು ಸಂಘ, ಬರ ನಿವಾರಣೆಗೊಂದು ಸಂಸ್ಥೆ ಹೀಗೆ ಒಂದರ ಹಿಂದೊಂದು.

ವಚನದ ಕತೆಯೂ ಇದೇ ಜಾಡಿನದು. ಮನೆ ಮನೆಯ ಜಂತಿಯಲ್ಲಿ, ಮಠಗಳ ಗಂಟಿನಲ್ಲಿ ಹುಳ ತಿನ್ನುತ್ತಿದ್ದ ತಾಳೆಗರಿಗಳನ್ನು ಊರೂರು ಅಲೆದು ಕೂಡಿಸಿದರು. ಅಚ್ಚು ಹಾಕಿಸೋದು ಎಲ್ಲಿ? ಮಂಗಳೂರಿನ ಬಾಸೆಲ್ ಮಿಶನ್ ಛಾಪಖಾನೆಗೆ ಕಳಿಸಿದ ಪ್ರತಿ ಅಚ್ಚಾಗದೆ ವಾಪಸ್ ಬಂತು. ಕಡೆಗೆ ಬೆಳಗಾವಿಯಲ್ಲಿ ಅಚ್ಚಾಗಿ 1923ರಲ್ಲಿ ವಚನಶಾಸ್ತ್ರಸಾರ ಹೊರಬಿತ್ತು. ಇನ್ನೊಬ್ಬರ ಬಾಗಿಲು ಕಾಯೋದು ಸಾಕು ಅನಿಸಿರಬೇಕು, 1925ರಲ್ಲಿ ಇದ್ದ ಮನೆ ಮಾರಿ ಬಿಜಾಪುರದಲ್ಲೇ ಹಿತಚಿಂತಕ ಮುದ್ರಣಾಲಯ ತೆರೆದರು. ಮರುವರ್ಷ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ವಕೀಲಿಯಲ್ಲಿ ಗಳಿಸಿದ್ದೆಲ್ಲ ಅಚ್ಚಿನ ಮೊಳೆಗೆ, ಕಾಗದಕ್ಕೆ ಹೋಯಿತು. ಬೇರೆ ವಕೀಲರು ಬಂಗಲೆ ಕಟ್ಟಿಸಿದರು, ಇವರು ಬಾಡಿಗೆ ಮನೆ ಹಿಡಿದರು.

ಮಾನಕ್ಕೇನೂ ಕೊರತೆ ಇರಲಿಲ್ಲ. 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕನ್ನಡ ಜಿಲ್ಲೆಗಳು ಒಂದಾದ 1956ರಲ್ಲೇ ಕರ್ನಾಟಕ ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಟ್ಟಿತು. ವಚನ ಪಿತಾಮಹ ಅಂತ ಜನ ಕರೆದರು.

1964ರ ಮೇ 22ರಂದು ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಹಾಕಿದರು. ಅದಾಗಿ ಐದು ವಾರಕ್ಕೆ, ಜೂನ್ 29ರಂದು, ಹಳಕಟ್ಟಿಯವರು ತೀರಿಕೊಂಡರು. ಆಲಮಟ್ಟಿ ಅಣೆಕಟ್ಟು ಲೋಕಾರ್ಪಣೆ ಆಗಲು 2006 ಬರಬೇಕಾಯಿತು. ಆಗ ಇಂಗ್ಲಿಷರು ಹೋಗಿ ಸುಮಾರು ಅರವತ್ತು ವರ್ಷ! ಬಿಳಿ ಸರಕಾರ ನೀರು ಕೊಡಲಿಲ್ಲ ಸರಿ, ನಮ್ಮದೇ ಸರಕಾರಗಳೂ ಇಷ್ಟು ತಡಮಾಡಿದ್ದು ಯಾಕೆ? ಹಳಕಟ್ಟಿಯವರು ಕಟ್ಟಿದ ಬ್ಯಾಂಕು, ಶಾಲೆ ಇವತ್ತಿಗೂ ನಿಂತಿವೆ. ಅವಕ್ಕೆ ಯಾವ ಸರಕಾರದ ಅಡಿಗಲ್ಲಿಗೂ ಅವರು ಕಾದಿರಲಿಲ್ಲ.