ಚಂದ್ರಶೇಖರರೂ ಸಿಡಿಯುವ ನಕ್ಷತ್ರಗಳೂ

೧೫೭೨ನೆಯ ಇಸವಿಯಲ್ಲಿ ಹಗಲಿನಲ್ಲಿಯೂ ಕಾಣುವಷ್ಟು ಪ್ರಖರವಾದ ಹೊಸ ತಾರೆಯೊಂದು ಆಕಾಶದಲ್ಲಿ ಮೂಡಿ, ಸುಮಾರು ೧೬ ತಿಂಗಳುಗಳಲ್ಲಿ ಮರೆಯಾಯಿತು. ಡೆನ್ಮಾರ್ಕಿನ ಟೈಕೋ ಬ್ರಾಹೆಯು ಅದನ್ನು ಅಳೆದು ಬರೆದಿಟ್ಟನು. ಆದರೆ ಅದು ಎಂತಹ ನಕ್ಷತ್ರದಿಂದ ಹುಟ್ಟಿತೆಂಬುದನ್ನು ಬಲ್ಲವರು ಅಂದು ಯಾರೂ ಇರಲಿಲ್ಲ. ಈ ಪ್ರಶ್ನೆಯ ಉತ್ತರಕ್ಕೆ ಅಸ್ತಿಭಾರವನ್ನು ಹಾಕಿದವರು ನಮ್ಮ ದೇಶದಲ್ಲಿಯೇ ಜನಿಸಿದ ಶ್ರೀ ಸುಬ್ರಹ್ಮಣ್ಯನ್ ಚಂದ್ರಶೇಖರರೆಂಬುದನ್ನು ವಾಚಕರಿಗೆ ನೆನಪಿಸಬಯಸುತ್ತೇವೆ.

ಸರ್ ಸಿ. ವಿ. ರಾಮನ್ನರ ಅಣ್ಣನ ಮಗನಾದ ಇವರು ೧೯೧೦ರಲ್ಲಿ ಲಾಹೋರಿನಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, ೧೯೩೦ರಲ್ಲಿ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು ಕೇಂಬ್ರಿಜ್ಜಿಗೆ ಹಡಗನ್ನೇರಿದಾಗ ಇವರ ವಯಸ್ಸು ೧೯. ಇಂಧನವು ತೀರಿದ ನಕ್ಷತ್ರಗಳೆಲ್ಲವೂ ಕುಗ್ಗಿ ಶ್ವೇತಕುಬ್ಜಗಳಾಗಿ ಶಾಂತಿಯಿಂದ ಉಳಿಯುವುವೆಂಬುದು ಆಗಿನ ಪಂಡಿತರ ನಂಬಿಕೆ. ಸಮುದ್ರಯಾನದಲ್ಲಿಯೇ ಲೆಕ್ಕ ಹಾಕಿದ ಈ ತರುಣರಿಗೆ, ಐನ್‌ಸ್ಟೈನರ ಸಾಪೇಕ್ಷವಾದವನ್ನು ಅನ್ವಯಿಸಿದರೆ ಶ್ವೇತಕುಬ್ಜದ ತೂಕಕ್ಕೆ ಒಂದು ಮೇರೆಯುಂಟೆಂಬುದು ಕಂಡಿತು. ಆ ಮೇರೆಯು ಸೂರ್ಯನ ತೂಕದ ಸುಮಾರು ೧.೪ರಷ್ಟೆಂದು ಈಗ ಸಿದ್ಧವಾಗಿದೆ.

೧೯೩೫ರ ಜನವರಿ ೧೧ರಂದು ಲಂಡನ್ನಿನ ರಾಯಲ್ ಆಸ್ಟ್ರೊನಾಮಿಕಲ್ ಸೊಸೈಟಿಯಲ್ಲಿ ಇವರು ಇದನ್ನು ಮಂಡಿಸಿದೊಡನೆ, ಜಗದ್ವಿಖ್ಯಾತರಾದ ಸರ್ ಆರ್ಥರ್ ಎಡಿಂಗ್ಟನ್ನರು ಎದ್ದು ತುಂಬಿದ ಸಭೆಯಲ್ಲಿ ಪರಿಹಾಸ ಮಾಡಿದರು. ತಪ್ಪು ಎಡಿಂಗ್ಟನ್ನರದೆಂದು ಅರಿತ ವಿದ್ವಾಂಸರು ಗುಟ್ಟಿನಲ್ಲಿ ಸಮಾಧಾನ ಹೇಳಿದರೇ ಹೊರತು ಬಹಿರಂಗವಾಗಿ ಬಾಯಿ ತೆರೆಯಲಿಲ್ಲ. ಚಂದ್ರಶೇಖರರು ಎಡಿಂಗ್ಟನ್ನರ ಸ್ನೇಹವನ್ನು ಕೆಡಿಸಿಕೊಳ್ಳಲಿಲ್ಲ. ತಮ್ಮ ಸಿದ್ಧಾಂತವನ್ನೂ ಬಿಡಲಿಲ್ಲ. ೧೯೩೭ರಲ್ಲಿ ಶಿಕಾಗೋ ವಿಶ್ವವಿದ್ಯಾನಿಲಯವನ್ನು ಸೇರಿ, ೧೯೩೯ರಲ್ಲಿ ತಮ್ಮ ವಿಚಾರವನ್ನು ಗ್ರಂಥರೂಪದಲ್ಲಿರಿಸಿ, ಬೇರೆ ಶೋಧನೆಗೆ ತೊಡಗಿದರು.

ಕಾಲವೇ ತೀರ್ಪನ್ನಿತ್ತಿತು. ಶ್ವೇತಕುಬ್ಜದಂತಹ ಸಾಂದ್ರ ನಕ್ಷತ್ರವು ಪರಮಾಣುದಹನದಿಂದ ಸಿಡಿಯಬಲ್ಲುದೆಂದು ೧೯೬೦ರಲ್ಲಿ ಹಾಯ್ಲ್ ಮತ್ತು ಫೌಲರರು ತೋರಿಸಿದರು. ಜೊತೆಯ ತಾರೆಯಿಂದ ದ್ರವ್ಯವನ್ನು ಸೆಳೆದ ಶ್ವೇತಕುಬ್ಜವು ಚಂದ್ರಶೇಖರರ ಮೇರೆಯನ್ನು ಸಮೀಪಿಸಿದರೆ, ಒಳಗಿನ ಇಂಗಾಲವು ಹೊತ್ತಿ, ಕ್ಷಣಗಳಲ್ಲಿ ಇಡಿಯ ನಕ್ಷತ್ರವೇ ಛಿದ್ರವಾಗುವುದು. ೧೫೭೨ರ ಸ್ಫೋಟವು ಈ ವರ್ಗದ್ದೇ ಎಂಬುದು, ಧೂಳಿನ ಮೋಡಗಳಿಂದ ಪ್ರತಿಫಲಿಸಿ ಬಂದ ಅದರ ಬೆಳಕಿನಿಂದ ೨೦೦೮ರಲ್ಲಿ ಸಿದ್ಧವಾಯಿತು. ೨೦೧೧ರಲ್ಲಿ ಇದೇ ವರ್ಗದ ಮತ್ತೊಂದು ತಾರೆಯು ಸಿಡಿದ ಕೆಲವೇ ಗಂಟೆಗಳಲ್ಲಿ ಕಣ್ಣಿಗೆ ಬಿದ್ದು, ಸಿಡಿದುದು ಶ್ವೇತಕುಬ್ಜದಷ್ಟೇ ಚಿಕ್ಕ ವಸ್ತುವೆಂದು ತೋರಿತು. ಜೊತೆಯ ತಾರೆಯು ಎಂತಹುದು, ಸ್ಫೋಟಕ್ಕೆ ಯಾವಾಗಲೂ ಆ ಮೇರೆಯನ್ನು ಮುಟ್ಟಬೇಕೆ ಎಂಬ ವಿವಾದಗಳು ಇನ್ನೂ ತೀರಿಲ್ಲ.

೧೯೮೩ರಲ್ಲಿ ಚಂದ್ರಶೇಖರರಿಗೆ ನೊಬೆಲ್ ಪಾರಿತೋಷಕವು ದೊರೆತಾಗ, ಅದನ್ನು ಹಂಚಿಕೊಂಡವರು ಆ ಫೌಲರರೇ. ಲಂಡನ್ನಿನ ಆ ಸಭೆ ಕಳೆದು ಆಗ ೪೮ ವರ್ಷಗಳಾಗಿದ್ದುವು. ೧೯೯೫ರಲ್ಲಿ ಇವರು ಶಿಕಾಗೋದಲ್ಲಿ ಕಾಲವಾದರು. ಎಡಿಂಗ್ಟನ್ನರ ತಪ್ಪಿಗಿಂತ, ಸತ್ಯವನ್ನು ಬಲ್ಲವರ ಅಂದಿನ ಮೌನವೇ ಹೆಚ್ಚು ಶೋಚನೀಯವೆಂದು ನಾವು ಭಾವಿಸುತ್ತೇವೆ. ಹಿರಿಯರ ಮುಂದೆ ಕಿರಿಯನೊಬ್ಬನು ಸರಿಯಾದ ಲೆಕ್ಕವನ್ನಿಟ್ಟಾಗ, ಸಭೆಯಲ್ಲಿ ಕುಳಿತ ನಮ್ಮ ಕರ್ತವ್ಯವೇನೆಂಬುದನ್ನು ಈ ಚರಿತ್ರೆಯು ನಮಗೆ ತಿಳಿಸಬೇಕು.