ಮಧ್ಯರಾತ್ರಿಯ ‘ಕಾಸ್ಮಿಕ್ ಕಿರಣ’ ಮೆಸೇಜ್ ಮತ್ತು ಹೋಮಿ ಭಾಭಾ: ಫಾರ್ವರ್ಡ್‌ಗಳಲ್ಲಿ ಇಲ್ಲದ ಕಥೆ

ಇವತ್ತು ರಾತ್ರಿ 12.30ರಿಂದ 3.30ರವರೆಗೆ ಮೊಬೈಲ್ ಆಫ್ ಮಾಡಿ ದೂರ ಇಡಿ, ಮಂಗಳ ಗ್ರಹದಿಂದ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗಲಿವೆ ಎಂಬ ಮೆಸೇಜ್ ನಿಮಗೂ ಬಂದಿರುತ್ತದೆ. ಅದರಲ್ಲಿ ತಾರೀಕು ಇರುವುದಿಲ್ಲ, ಬರೀ ‘ಇವತ್ತು’ ಎಂದಿರುತ್ತದೆ. ಹಾಗಾಗಿ ಎಷ್ಟು ವರ್ಷ ಕಳೆದರೂ ಅದು ಹಳತಾಗುವುದಿಲ್ಲ.

ಕರ್ಕಿಯಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ ಒಂದು ಮಳೆಗಾಲದ ರಾತ್ರಿ ಈ ಮೆಸೇಜ್ ನಂಬಿ ಮೂರೂ ಫೋನ್ ಆಫ್ ಮಾಡಿ ಅಡುಗೆಮನೆಯಲ್ಲಿಟ್ಟು ಮಲಗಿದ್ದರು. ಅದೇ ರಾತ್ರಿ ಆಸ್ಪತ್ರೆಯಲ್ಲಿದ್ದ ಅಜ್ಜಿಗೆ ರಕ್ತ ಬೇಕಾಗಿ ಮಾವ ಹತ್ತಾರು ಸಲ ಫೋನ್ ಮಾಡಿದ್ದರು. ಬೇರೆ ಯಾರೋ ಪುಣ್ಯಾತ್ಮರು ಕೊಟ್ಟರು, ಅಜ್ಜಿ ಉಳಿದರು. ಮಾವ ಮಾತ್ರ ಈಗಲೂ ಆ ವಿಷಯ ಬಂದರೆ ಮುಖ ಗಂಟಿಕ್ಕುತ್ತಾರೆ.

ಮೆಸೇಜ್ ಸುಳ್ಳು. ಆದರೆ ಕಾಸ್ಮಿಕ್ ಕಿರಣ ಸುಳ್ಳಲ್ಲ. ಅಂಗೈಯನ್ನು ಆಕಾಶಕ್ಕೆ ಚಾಚಿ ಹಿಡಿಯಿರಿ. ಹೆಚ್ಚುಕಡಿಮೆ ಸೆಕೆಂಡಿಗೊಂದರಂತೆ ಮ್ಯೂಆನ್ ಎಂಬ ಕಣ ಅದನ್ನು ತೂರಿಕೊಂಡು ನೆಲಕ್ಕಿಳಿಯುತ್ತಿರುತ್ತದೆ. ಹಗಲೂ ರಾತ್ರಿಯೂ, ಹೆಂಚಿನ ಮಾಡಿನ ಕೆಳಗೂ, ಮನುಷ್ಯ ಹುಟ್ಟುವುದಕ್ಕೆ ಮೊದಲಿನಿಂದಲೂ ಇದು ನಡೆದೇ ಇದೆ. ಫೋನ್ ಆಫ್ ಮಾಡಿದರೆ ಇದರಲ್ಲಿ ಏನೂ ಬದಲಾಗುವುದಿಲ್ಲ.

ಈ ಕಣಗಳ ಲೆಕ್ಕ ಬಿಡಿಸಿದವರಲ್ಲಿ ಒಬ್ಬರ ಹೆಸರು ನಿಮ್ಮ ಫೋನಿಗೆ ಬೇರೊಂದು ಫಾರ್ವರ್ಡ್ ಆಗಿ ಬರುತ್ತದೆ. ಪ್ರತಿ ಜನವರಿಯಲ್ಲಿ ಬರುವ ಅದರಲ್ಲಿ ವಿಮಾನ, ಪರ್ವತ, ಸಿಐಎ ಎಲ್ಲ ಇರುತ್ತವೆ. ಹೋಮಿ ಜಹಾಂಗೀರ್ ಭಾಭಾ ಹೇಗೆ ಸತ್ತರು ಎನ್ನುವುದನ್ನು ಹಂಚುವಷ್ಟು ನಾವು ಅವರು ಏನು ಮಾಡಿದರು ಎನ್ನುವುದನ್ನು ಹಂಚುವುದಿಲ್ಲ.

ಭಾಭಾ ಹುಟ್ಟಿದ್ದು 1909ರ ಅಕ್ಟೋಬರ್ 30ರಂದು, ಮುಂಬೈನ ಪಾರ್ಸಿ ಮನೆತನದಲ್ಲಿ. ಆದರೆ ಮನೆಗೆ ನಮ್ಮ ಕಡೆಯ ನಂಟಿತ್ತು. ಅಜ್ಜ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದವರು. ಸೋದರತ್ತೆ ಮೆಹರ್‌ಬಾಯಿ ಟಾಟಾ ಮನೆತನದ ದೊರಾಬ್‌ಜಿಯವರನ್ನು ಮದುವೆಯಾದರು. ಈ ನಂಟು ಮುಂದೆ ಬಹಳ ಉಪಯೋಗಕ್ಕೆ ಬಂತು.

ಮಗ ಎಂಜಿನಿಯರ್ ಆಗಿ ಬಂದು ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂದು ಮನೆಯವರು 1927ರಲ್ಲಿ ಕೇಂಬ್ರಿಜ್‌ಗೆ ಕಳಿಸಿದರು. ಮಗನಿಗೆ ಬೇಕಾಗಿದ್ದು ಭೌತವಿಜ್ಞಾನ. ಎಂಜಿನಿಯರಿಂಗ್‌ನಲ್ಲಿ ಪ್ರಥಮ ದರ್ಜೆ ಬಂದರೆ ಮುಂದೆ ಗಣಿತ ಓದಲು ದುಡ್ಡು ಕೊಡುತ್ತೇನೆ ಎಂದು ತಂದೆ ಷರತ್ತು ಹಾಕಿದರು. ಮಗ 1930ರಲ್ಲಿ ಪ್ರಥಮ ದರ್ಜೆ ತಂದಿಟ್ಟ. ಇವತ್ತಿನ ಎಷ್ಟೋ ಮನೆಗಳಲ್ಲಿ ಈ ಷರತ್ತಿನ ಮೊದಲ ಅರ್ಧ ಮಾತ್ರ ಉಳಿದಿದೆ.

ಆಗ ವಿಜ್ಞಾನಿಗಳನ್ನು ಕಾಡುತ್ತಿದ್ದ ಒಗಟು ಇದು. ಬಾಹ್ಯಾಕಾಶದಿಂದ ಬರುವ ಕಿರಣಗಳಲ್ಲಿ ಒಂದು ಭಾಗ ಸೀಸದ ತೆಳು ಹಲಗೆಯಲ್ಲೇ ನಿಂತುಬಿಡುತ್ತಿತ್ತು. ಇನ್ನೊಂದು ಭಾಗ ದಪ್ಪ ಸೀಸವನ್ನೂ ದಾಟಿಹೋಗುತ್ತಿತ್ತು. 1937ರಲ್ಲಿ ಭಾಭಾ ಮತ್ತು ವಾಲ್ಟರ್ ಹೈಟ್ಲರ್ ಮೊದಲ ಭಾಗದ ಲೆಕ್ಕ ಬಿಡಿಸಿದರು. ವೇಗದ ಎಲೆಕ್ಟ್ರಾನ್ ಒಂದು ಪರಮಾಣುವಿನ ಹತ್ತಿರ ಹಾಯುವಾಗ ಗಾಮಾ ಕಿರಣ ಬಿಡುತ್ತದೆ. ಆ ಗಾಮಾ ಕಿರಣ ಒಂದು ಎಲೆಕ್ಟ್ರಾನ್ ಮತ್ತು ಒಂದು ಪಾಸಿಟ್ರಾನ್ ಆಗುತ್ತದೆ. ಅವೆರಡೂ ಮತ್ತೆ ಗಾಮಾ ಕಿರಣ ಬಿಡುತ್ತವೆ. ಒಂದು ಎರಡಾಗಿ, ಎರಡು ನಾಲ್ಕಾಗಿ ಕಣಗಳ ಮಳೆಯೇ ಸುರಿಯುತ್ತದೆ. ಪ್ರತಿ ಹಂತದಲ್ಲೂ ಶಕ್ತಿ ಹಂಚಿಹೋಗುವುದರಿಂದ ಆ ಮಳೆ ಬೇಗ ನಿಂತೂ ಹೋಗುತ್ತದೆ. ಅಂದಮೇಲೆ ದಪ್ಪ ಸೀಸ ದಾಟುವವು ಎಲೆಕ್ಟ್ರಾನ್‌ಗಳಾಗಿರಲು ಸಾಧ್ಯವಿಲ್ಲ. ಅವು ಎಲೆಕ್ಟ್ರಾನ್‌ಗಿಂತ ಭಾರವಾದ ಬೇರೊಂದು ಕಣವೇ ಇರಬೇಕು ಎಂದು ಭಾಭಾ ವಾದಿಸಿದರು.

ಅಂಥ ಒಂದು ಕಣವನ್ನು ಜಪಾನಿನ ಹಿದೆಕಿ ಯುಕಾವಾ 1935ರಲ್ಲೇ ಕಾಗದದ ಮೇಲೆ ಊಹಿಸಿದ್ದರು. ಪರಮಾಣುವಿನ ನಡುವೆ ಪ್ರೋಟಾನ್, ನ್ಯೂಟ್ರಾನ್‌ಗಳನ್ನು ಹಿಡಿದಿಡುವ ಬಲಕ್ಕೆ ಎಲೆಕ್ಟ್ರಾನ್‌ಗಿಂತ ಸುಮಾರು 200 ಪಟ್ಟು ಭಾರದ ಮಧ್ಯವರ್ತಿ ಕಣ ಬೇಕು ಎಂಬುದು ಅವರ ವಾದ. ಅಷ್ಟರಲ್ಲಿ ಅಮೆರಿಕದ ಆ್ಯಂಡರ್ಸನ್ ಮತ್ತು ನೆಡರ್‌ಮೇಯರ್ ಅವರಿಗೆ ಕಾಸ್ಮಿಕ್ ಕಿರಣಗಳಲ್ಲಿ ಅಷ್ಟೇ ಭಾರದ ಕಣ ಸಿಕ್ಕಿತು. ಯುಕಾವಾ ಹೇಳಿದ್ದು ಇದೇ ಎಂದು ಹೆಚ್ಚಿನವರು ನಂಬಿದರು. ಅದಕ್ಕೆ ‘ಮೆಸೊಟ್ರಾನ್’ ಎಂಬ ಹೆಸರೂ ಬಿತ್ತು. 1939ರಲ್ಲಿ ಭಾಭಾ ಈ ಹೆಸರಿಗೆ ತಕರಾರು ತೆಗೆದರು. ಎಲೆಕ್ಟ್ರಾನ್, ನ್ಯೂಟ್ರಾನ್ ಹೆಸರುಗಳಲ್ಲಿ ‘ಟ್ರ’ ಮೂಲ ಶಬ್ದದಲ್ಲೇ ಇದೆ. ನಡುವಿನದು ಎಂಬ ಅರ್ಥದ ಗ್ರೀಕ್ ಶಬ್ದ ‘ಮೆಸೋಸ್’ನಲ್ಲಿ ಅದಿಲ್ಲ. ಹಾಗಾಗಿ ‘ಮೆಸಾನ್’ ಸಾಕು ಎಂದರು. ಆ ಹೆಸರೇ ನಿಂತಿತು. ಮೆಸಾನ್ ಕಂಡುಹಿಡಿದವರು ಭಾಭಾ ಎಂದು ಯಾರಾದರೂ ಕಳಿಸಿದರೆ ಅದನ್ನು ಇಷ್ಟಕ್ಕೆ ತಿದ್ದಬೇಕು: ಊಹಿಸಿದವರು ಯುಕಾವಾ, ಹೆಸರು ನೆಟ್ಟಗೆ ಮಾಡಿದವರು ಭಾಭಾ.

ನನಗೆ ಅವರ ಕೆಲಸದಲ್ಲಿ ಅತಿ ಇಷ್ಟವಾದದ್ದು 1938ರ ಒಂದು ಸಣ್ಣ ಟಿಪ್ಪಣಿ. ಈ ಕಣಗಳು ಹುಟ್ಟುವುದು ನೆಲದಿಂದ ಸುಮಾರು 15 ಕಿಲೋಮೀಟರ್ ಮೇಲೆ. ಅವುಗಳ ಸರಾಸರಿ ಆಯುಷ್ಯ ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ ಎಂದು ಈಗ ಗೊತ್ತಿದೆ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟರಲ್ಲಿ ಸುಮಾರು 660 ಮೀಟರ್ ಮಾತ್ರ ಸಾಗಬಹುದು. ಹೊನ್ನಾವರದಿಂದ ಕುಮಟಾಕ್ಕೆ ಹೊರಟ ಬಸ್ಸಿಗೆ ಬರೀ 660 ಮೀಟರಿಗೆ ಸಾಲುವ ಡೀಸೆಲ್ ಹಾಕಿದರೆ ಅದು ಕರ್ಕಿಯನ್ನೂ ಮುಟ್ಟುವುದಿಲ್ಲ. ಹಾಗಿದ್ದರೆ ನಮ್ಮ ಅಂಗೈಗೆ ಬೀಳುವ ಕಣಗಳು ಬಂದದ್ದಾದರೂ ಹೇಗೆ? ವೇಗ ಹೆಚ್ಚಿದಂತೆ ಓಡುವ ವಸ್ತುವಿನ ಗಡಿಯಾರ ನಿಧಾನವಾಗುತ್ತದೆ ಎಂಬ ಐನ್‌ಸ್ಟೈನ್ ಸಿದ್ಧಾಂತದ ಪ್ರಕಾರ, ವೇಗವಾಗಿ ಬರುವ ಕಣ ನಮ್ಮ ಕಣ್ಣಿಗೆ ಹೆಚ್ಚು ಕಾಲ ಬದುಕಬೇಕು ಎಂದು ಭಾಭಾ ತೋರಿಸಿಕೊಟ್ಟರು. ಬೆಳಕಿನ ವೇಗದ ಶೇಕಡಾ 99.9ರಷ್ಟು ವೇಗದಲ್ಲಿ ಆಯುಷ್ಯ ಸುಮಾರು 22 ಪಟ್ಟಾಗುತ್ತದೆ. 660 ಮೀಟರಿಗೆ 22 ಗುಣಿಸಿ ನೋಡಿ, ಹೆಚ್ಚುಕಡಿಮೆ 15 ಕಿಲೋಮೀಟರ್ ಬರುತ್ತದೆ. 1941ರಲ್ಲಿ ರೊಸ್ಸಿ ಮತ್ತು ಹಾಲ್ ಎಂಬ ವಿಜ್ಞಾನಿಗಳು ಬೆಟ್ಟದ ಮೇಲೆ ಮತ್ತು ಕೆಳಗೆ ಈ ಕಣಗಳನ್ನು ಎಣಿಸಿ ಇದನ್ನು ಖಚಿತಪಡಿಸಿದರು.

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು, ವಾಪಸ್ ಹೋಗಲಾಗಲಿಲ್ಲ. ಸಿ.ವಿ. ರಾಮನ್ ಭೌತವಿಜ್ಞಾನ ವಿಭಾಗ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ದೊರಾಬ್‌ಜಿ ಟಾಟಾ ಟ್ರಸ್ಟಿನ ನೆರವಿನಿಂದ ಅಲ್ಲೇ ಕಾಸ್ಮಿಕ್ ಕಿರಣ ಸಂಶೋಧನಾ ಘಟಕ ಕಟ್ಟಿದರು. ಅದುವರೆಗೆ ಕಾಗದ ಪೆನ್ಸಿಲ್‌ನವರಾಗಿದ್ದ ಅವರು ಬೆಂಗಳೂರಿನಲ್ಲಿ ಉಪಕರಣಕ್ಕೂ ಕೈ ಹಾಕಿದರು. ಯುದ್ಧಕ್ಕೆಂದು ಬಂದಿದ್ದ ಅಮೆರಿಕದ ವಿಮಾನಗಳಲ್ಲಿ ಗೈಗರ್ ಕೌಂಟರ್‌ಗಳನ್ನಿಟ್ಟು ಸುಮಾರು 30,000 ಅಡಿ ಎತ್ತರದಲ್ಲಿ ಮೆಸಾನ್‌ಗಳನ್ನು ಎಣಿಸಿದರು. ಭೂಮಿಯ ಕಾಂತೀಯ ಸಮಭಾಜಕಕ್ಕೆ ಬೆಂಗಳೂರು ಹತ್ತಿರ ಇದ್ದದ್ದರಿಂದ ಇಲ್ಲಿನ ಎಣಿಕೆಗೆ ವಿಶೇಷ ಬೆಲೆ ಇತ್ತು. ಮುಂದೆ ದೊಡ್ಡ ಗಣಿತಜ್ಞರಾದ ಹರೀಶ್‌ಚಂದ್ರ ಇಲ್ಲಿ ಅವರ ಜೊತೆ ಕೆಲಸ ಮಾಡಿದರು. 1941ರಲ್ಲಿ, 31ನೇ ವಯಸ್ಸಿಗೆ, ಭಾಭಾ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಆದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಕೂಡ 1945ರಲ್ಲಿ ಮೊದಲು ಕಣ್ಣು ಬಿಟ್ಟದ್ದು ಬೆಂಗಳೂರಿನಲ್ಲೇ. ಅದೇ ವರ್ಷ ಅದು ಮುಂಬೈಗೆ ಹೋಯಿತು.

1947ರಲ್ಲಿ ಕಥೆ ತಿರುಗಿತು. ಸೆಸಿಲ್ ಪೊವೆಲ್ ತಂಡಕ್ಕೆ ಕಾಸ್ಮಿಕ್ ಕಿರಣಗಳಲ್ಲಿ ಇನ್ನೊಂದು ಕಣ, ಪಯಾನ್, ಸಿಕ್ಕಿತು. ಯುಕಾವಾ ಹೇಳಿದ್ದು ಅದನ್ನು. ನೆಲಕ್ಕೆ ಬೀಳುವ ಮ್ಯೂಆನ್ ಅದರ ಮರಿ ಅಷ್ಟೆ, ನ್ಯೂಕ್ಲಿಯಸ್ಸಿನ ಬಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಭಾಭಾ ಹೆಸರು ತಿದ್ದಿದ ಕಣ ಕೊನೆಗೆ ಮೆಸಾನ್ ಆಗಿರಲೇ ಇಲ್ಲ, ಹೆಸರು ಪಯಾನ್ ಬಳಗಕ್ಕೆ ಹೋಯಿತು. ಅವರು ಮತ್ತು ಇನ್ನು ಕೆಲವರು 1938ರಲ್ಲಿ ಕಟ್ಟಿದ್ದ ‘ವೆಕ್ಟರ್ ಮೆಸಾನ್’ ಮಾದರಿಗೂ ಪಯಾನ್ ಹೊಂದಲಿಲ್ಲ. ಆ ಜಾತಿಯ ರೋ ಮೆಸಾನ್ ಸಿಕ್ಕಿದ್ದು 1961ರಲ್ಲಿ. ಆಯುಷ್ಯದ ಲೆಕ್ಕ ಮಾತ್ರ ಕಣದ ಹೆಸರು ಏನೇ ಆದರೂ ಸರಿಯಾಗಿಯೇ ಉಳಿಯಿತು.

ಆಮೇಲಿನ ಭಾಭಾ ಎಲ್ಲರಿಗೂ ಗೊತ್ತಿರುವವರು, ಪರಮಾಣು ಶಕ್ತಿ ಆಯೋಗದ ಅಧ್ಯಕ್ಷರು. ಕೈಗಾ ಹತ್ತಿರವಿರುವ ನಮ್ಮ ಜಿಲ್ಲೆಯಲ್ಲಿ ಆ ವಿಷಯಕ್ಕೆ ಹೊಗಳಿಕೆಯೂ ಇದೆ, ಜಗಳವೂ ಇದೆ. ಅದು ಬೇರೆಯೇ ಲೇಖನ. ಆದರೆ ಮ್ಯೂಆನ್‌ಗಳನ್ನು ಅವರು ಬಿಟ್ಟಿರಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಇಳಿಸಿ, ಎಷ್ಟು ಆಳದವರೆಗೆ ಈ ಕಣಗಳು ಬರುತ್ತವೆ ಎಂದು ಅಳೆಸಿದರು. ಎರಡು ಕಿಲೋಮೀಟರಿಗಿಂತ ಕೆಳಗೆ ಅವು ಬಹುತೇಕ ನಿಂತುಹೋಗುವುದರಿಂದ, ಆ ನಿಶ್ಶಬ್ದದಲ್ಲಿ 1965ರಲ್ಲಿ ಭಾರತ, ಜಪಾನ್, ಬ್ರಿಟನ್ ತಂಡಕ್ಕೆ ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಸಿಕ್ಕಿತು.

ಕೆಲವೇ ತಿಂಗಳಲ್ಲಿ, 1966ರ ಜನವರಿ 24ರಂದು, ವಿಯೆನ್ನಾದ ಸಭೆಗೆ ಹೊರಟಿದ್ದ ಭಾಭಾ ಇದ್ದ ಏರ್ ಇಂಡಿಯಾ ವಿಮಾನ ಜಿನೀವಾದಲ್ಲಿ ಇಳಿಯುವ ಮೊದಲು ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿಯಿತು. 117 ಜನರೂ ಸತ್ತರು. ಭಾಭಾಗೆ 56 ವರ್ಷ. ವಿಮಾನದ ದಿಕ್ಕು ತೋರಿಸುವ ಒಂದು ಉಪಕರಣ ಕೆಟ್ಟಿತ್ತು, ಪರ್ವತ ದಾಟಿದ್ದೇವೆ ಎಂದು ಪೈಲಟ್ ತಪ್ಪು ತಿಳಿದರು, ನೆಲದಿಂದ ಬಂದ ಸೂಚನೆ ಸ್ಪಷ್ಟವಾಗಿರಲಿಲ್ಲ ಎಂದು ತನಿಖೆ ಹೇಳಿತು. ಸಿಐಎ ಬಾಂಬ್ ಇಟ್ಟಿತ್ತು ಎಂಬ ಮಾತಿಗೆ ಫಾರ್ವರ್ಡ್‌ಗಳು ಕೊಡುವ ಆಧಾರ ಒಂದೇ ಪುಸ್ತಕ. ಸಿಐಎಯ ಮಾಜಿ ಅಧಿಕಾರಿಯೊಬ್ಬರು ಫೋನಿನಲ್ಲಿ ಹೀಗೆ ಒಪ್ಪಿಕೊಂಡಿದ್ದರು ಎಂದು, ಅವರು ತೀರಿಕೊಂಡ ನಂತರ, ಪತ್ರಕರ್ತರೊಬ್ಬರು ಅದರಲ್ಲಿ ಬರೆದಿದ್ದಾರೆ. ಅದನ್ನು ಸಾಬೀತು ಮಾಡುವ ಬೇರೆ ದಾಖಲೆ ಹೊರಬಂದಿಲ್ಲ.

ಹಿಮ ಕರಗಿದಾಗ ಅಲ್ಲಿ ವಿಮಾನದ ಚೂರು ಸಿಗುತ್ತವೆ, ಆಗ ಈ ಫಾರ್ವರ್ಡ್ ಮತ್ತೆ ಏಳುತ್ತದೆ. 2020ರಲ್ಲಿ ಸಿಕ್ಕಿದ್ದು ಭಾರತದ ಹಳೆಯ ಪತ್ರಿಕೆಗಳ ಕಟ್ಟು. ಇಂದಿರಾ ಗಾಂಧಿ ಪ್ರಧಾನಿಯಾಗಲಿದ್ದಾರೆ ಎಂಬ ಸುದ್ದಿ ಅದರಲ್ಲಿ ಓದುವ ಹಾಗೇ ಇತ್ತು.