ನಮ್ಮ ಗುಡ್ಡಗಳನ್ನು ಹತ್ತಿದ ವಿಜ್ಞಾನಿ

ನಾವು ಈ ಶಾಲೆಯಲ್ಲಿ ಓದುವಾಗ ಭಾನುವಾರ ಬಂತೆಂದರೆ ಗುಡ್ಡ ಹತ್ತುವುದೇ ಕೆಲಸ. ಒಮ್ಮೆ ಅಲ್ಲಿ ನನಗೆ ಅಂಗೈಯಷ್ಟಗಲದ, ಒಂದು ಕಡೆ ಚೂಪಾದ ನುಣುಪು ಕರಿಕಲ್ಲು ಸಿಕ್ಕಿತ್ತು. ಮನೆಯಲ್ಲಿ ಎತ್ತಿನ ಗೂಟ ಬಡಿಯಲು ಬಳಸಿದೆವು. ಆಮೇಲೆ ಎಲ್ಲೋ ಕಳೆದುಹೋಯಿತು.

ರಾಯಚೂರಿನಲ್ಲಿ ಬಿ.ಇ. ಮುಗಿಸಿ ಕೆಲಸದ ಮೇಲೆ ಚೆನ್ನೈಗೆ ಹೋದಾಗ, ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ಅಂಥದೇ ಕಲ್ಲು ಕಂಡು ನಿಂತುಬಿಟ್ಟೆ. ಅದು ನವಶಿಲಾಯುಗದ ಕೊಡಲಿ. ಇಂಥವನ್ನು ಸಂಗ್ರಹಿಸಿ ಅಲ್ಲಿಗೆ ಸೇರಿಸಿದವರು ರಾಬರ್ಟ್ ಬ್ರೂಸ್ ಫೂಟ್.

ಫೂಟ್ ಹುಟ್ಟಿದ್ದು 1834ರಲ್ಲಿ, ಇಂಗ್ಲೆಂಡಿನಲ್ಲಿ. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆ ಸೇರಿದರು. ಹಿಮಾಲಯ ಏರಿ ಹೆಸರು ಮಾಡಿದವರಲ್ಲ. ಆದರೆ ದಕ್ಷಿಣದ ಬಿಸಿಲಿನಲ್ಲಿ ಕಲ್ಲುಗುಡ್ಡಗಳನ್ನು ಸುತ್ತುವುದರಲ್ಲೇ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದರು. 1863ರ ಮೇ 30ರಂದು ಮದ್ರಾಸಿನ ಬಳಿಯ ಪಲ್ಲಾವರಂನಲ್ಲಿ ಅವರಿಗೆ ಹಳೆ ಶಿಲಾಯುಗದ ಕೈಗೊಡಲಿ ಸಿಕ್ಕಿತು. ಭಾರತದಲ್ಲಿಯೂ ಆದಿಮಾನವ ಬಾಳಿದ್ದ ಎಂಬುದು ಆಗ ಜಗತ್ತಿಗೆ ತಿಳಿಯಿತು.

ನಮ್ಮ ಜಿಲ್ಲೆಯ ಮಸ್ಕಿಗೆ ಅವರು 1870 ಮತ್ತು 1888ರಲ್ಲಿ ಬಂದಿದ್ದರು. ಅಲ್ಲಿ ಅಶೋಕನ ಶಾಸನ ಪತ್ತೆಯಾಗಿದ್ದು 1915ರಲ್ಲಿ. ಅದಕ್ಕೂ ಮೊದಲೇ ಆ ನೆಲದ ಹಳಮೆಯನ್ನು ಗುರುತಿಸಿದ್ದು ಫೂಟ್. ಬಳ್ಳಾರಿ ಸೀಮೆಯ ಗುಡ್ಡಗಳಲ್ಲೂ ಕಲ್ಲಿನ ಕೊಡಲಿ ಮಾಡುತ್ತಿದ್ದ ಜಾಗಗಳನ್ನು ಕಂಡರು. ಧಾರವಾಡ ಶಿಲೆಗಳು ಎಂಬ ಹೆಸರು ಕೊಟ್ಟವರೂ ಅವರೇ. ಹಟ್ಟಿಯ ಚಿನ್ನ ಇರುವುದು ಆ ಬಗೆಯ ಶಿಲೆಗಳಲ್ಲೇ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಆರಂಭವಾದಾಗ ಮೊದಲು ಮುನ್ನಡೆಸಿದವರೂ ಅವರು.

1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಸಂಗ್ರಹದ ದೊಡ್ಡ ಪಟ್ಟಿ ಅಚ್ಚಾಗಿದ್ದು ಆಮೇಲೆ. ಯಾವ ಕಲ್ಲು ಯಾವ ಊರಿನದು ಎಂದು ಅದರಲ್ಲಿ ಬರೆದಿದೆ. ನನಗೆ ದೊಡ್ಡದೆನಿಸಿದ್ದು ಇದೇ. ಊರಿನ ಹೆಸರಿಲ್ಲದಿದ್ದರೆ ಕೊಡಲಿಯೂ ಬರೀ ಕಲ್ಲೇ.

ದೇವದುರ್ಗ, ಮಾನ್ವಿ ಕಡೆಯೂ ಕಲ್ಲುಗುಡ್ಡಗಳಿಗೆ ಕೊರತೆಯಿಲ್ಲ. ನಾನು ಆಡಿದ ಗುಡ್ಡದ ಅರ್ಧ ಈಗ ಜಲ್ಲಿಯಾಗಿ ಹೋಗಿದೆ. ಗುರುಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ: ಮಕ್ಕಳು ಗುಡ್ಡದಲ್ಲಿ ಇಂಥ ಕಲ್ಲು ಕಂಡರೆ ಎಸೆಯಗೊಡಬೇಡಿ. ಜಾಗ, ದಿನ ಬರೆದಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ. ನಾನು ಕಳೆದ ಕಲ್ಲು ಇನ್ನು ಸಿಗುವುದಿಲ್ಲ, ಉಳಿದವಾದರೂ ಉಳಿಯಲಿ.